ಮೂತ್ರ ಪರೀಕ್ಷೆ ಹೇಳುವುದೆಷ್ಟು?

ಮೋಕದಿಂದ ದಿನವೂ ಬಸ್ಸು ಹತ್ತಿ ಬಳ್ಳಾರಿಯ ಕಾಲೇಜಿಗೆ ಹೋಗುವ ಹುಡುಗ ನಾಳೆ ಬೆಂಗಳೂರಿನ ಹಾಸ್ಟೆಲು ಸೇರುತ್ತಾನೆ. ಪಾಲಕರಿಗೆ ಫೀಜಿನ ಚಿಂತೆಯ ಜೊತೆಗೆ ಇನ್ನೊಂದು ಅಳುಕು: ಮಗ ಮಾದಕ ವಸ್ತುವಿನ ಸಹವಾಸಕ್ಕೆ ಬಿದ್ದರೆ ತಿಳಿಯುವುದು ಹೇಗೆ? ಕಿಟ್ ತಂದು ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿದರೆ ಸಾಲದೇ?

ಸಾಲದು. ಯಾಕೆಂದು ನೋಡೋಣ.

‘ಮಿಯಾಂವ್ ಮಿಯಾಂವ್’ ಎಂಬ ಮುದ್ದು ಹೆಸರಿನಲ್ಲಿ ಮಾರುವ ಮೆಫೆಡ್ರೋನ್ ಒಂದು ಕೃತಕ ಉತ್ತೇಜಕ. ಅದನ್ನು ಮೊದಲು ತಯಾರಿಸಿದ್ದು 1929ರಲ್ಲಿ. ಪೂರ್ವ ಆಫ್ರಿಕದವರು ಜಗಿಯುವ ಖಾತ್ ಎಲೆಯಲ್ಲಿನ ಕ್ಯಾಥಿನೋನ್‌ಗೆ ಇದು ದಾಯಾದಿ. ಕಾನೂನು ಒಂದನ್ನು ನಿಷೇಧಿಸಿದರೆ ಅಣುವಿನ ತುದಿಯೊಂದನ್ನು ಬದಲಿಸಿ ಮತ್ತೊಂದನ್ನು ತರುತ್ತಾರೆ. ‘ಡಿಸೈನರ್ ಡ್ರಗ್’ ಎನ್ನುವುದು ಇದಕ್ಕೇ. ನಮ್ಮ ಮಾದಕ ವಸ್ತು ಕಾಯ್ದೆಯ ಪಟ್ಟಿಗೆ ಮೆಫೆಡ್ರೋನ್ ಸೇರಿದ್ದು 2015ರಲ್ಲಿ.

ಒಳಗೆ ಹೋದದ್ದೆಲ್ಲ ಹೋದ ರೂಪದಲ್ಲೇ ಹೊರಬರುವುದಿಲ್ಲ. ಯಕೃತ್ತಿನ ಕಿಣ್ವಗಳು ಅಣುವಿನಿಂದ ಮೀಥೈಲ್ ತುಣುಕನ್ನು ಕಳಚುತ್ತವೆ, ಇನ್ನೊಂದು ಕಡೆ ಆಮ್ಲಜನಕ ಸೇರಿಸುತ್ತವೆ. ಹೀಗೆ ನೀರಿನಲ್ಲಿ ಸುಲಭವಾಗಿ ಕರಗುವಂತಾದ ರೂಪಗಳು ಮೂತ್ರದಲ್ಲಿ ಹೊರಹೋಗುತ್ತವೆ. ಕಣದ ಹೊಟ್ಟು ನೋಡಿ ಒಕ್ಕಿದ ಬೆಳೆ ಯಾವುದೆಂದು ರೈತ ಹೇಳುವಂತೆ, ಪ್ರಯೋಗಾಲಯದ ಮಾಸ್ ಸ್ಪೆಕ್ಟ್ರೋಮೀಟರ್ ಈ ರೂಪಗಳ ತೂಕದಿಂದ ಮೂಲ ವಸ್ತುವನ್ನು ಗುರುತಿಸುತ್ತದೆ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನೈಜೀರಿಯದ ಓಟಗಾರ್ತಿ ಒಸಾಯೆಮಿ 100 ಮೀಟರ್ ಓಟದ ಚಿನ್ನ ಕಳೆದುಕೊಂಡದ್ದು, ಮೂತ್ರದಲ್ಲಿ ಮೀಥೈಲ್‌ಹೆಕ್ಸನಮೀನ್ ಎಂಬ ಉತ್ತೇಜಕ ಪತ್ತೆಯಾದದ್ದರಿಂದ.

ಮನೆಯ ಕಿಟ್‌ಗೆ ಈ ಕಣ್ಣಿಲ್ಲ. ಆಂಫೆಟಮೀನ್‌ಗಾಗಿ ಮಾಡಿದ ಪಟ್ಟಿಗೆ ಹೊಸ ಅಣು ಕಾಣದೇ ಹೋಗಬಹುದು. ಕೆಲವು ನೆಗಡಿ ಮಾತ್ರೆಗಳಿಗೂ ಅದು ‘ಇದೆ’ ಎಂದುಬಿಡಬಹುದು. ತಪ್ಪು ಮಾಡದ ಮಗನ ಮೇಲೆ ಅಪವಾದ ಹೊರಿಸಿದರೆ, ಮುರಿದ ನಂಬಿಕೆಯನ್ನು ಯಾವ ಪ್ರಯೋಗಾಲಯವೂ ಕೂಡಿಸಿಕೊಡಲಾರದು.

ಅನುಮಾನ ಬಂದರೆ ಮೊದಲು ಮಾತು, ಆಮೇಲೆ ವೈದ್ಯರು. ತಾಲ್ಲೂಕು ಮಟ್ಟಕ್ಕೆ ಮಾನಸಿಕ ಚಿಕಿತ್ಸೆ ಒಯ್ಯುವ ಪ್ರಯೋಗವನ್ನು 1985ರಿಂದ 1990ರವರೆಗೆ ನಿಮ್ಹಾನ್ಸ್ ನಡೆಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ರಾಷ್ಟ್ರದ ಕಾರ್ಯಕ್ರಮವಾಯಿತು. ಚಟಕ್ಕೆ ಬಿದ್ದವರು ತಾವಾಗಿ ಚಿಕಿತ್ಸೆಗೆ ಮುಂದಾದರೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಮು ಕಾಯ್ದೆಯಲ್ಲೇ ಇದೆ. ಉಚಿತ ಸಹಾಯವಾಣಿ 14446.

ವಿದ್ಯಾರ್ಥಿ ಮಿತ್ರರೇ, ಪುಡಿಯ ಪೊಟ್ಟಣದಲ್ಲಿ ಏನಿದೆ ಎಂಬುದು ಮಾರುವವನಿಗೂ ಗೊತ್ತಿರುವುದಿಲ್ಲ. ಅದನ್ನು ಪರೀಕ್ಷಿಸುವ ಪ್ರಯೋಗಾಲಯ ನಿಮ್ಮ ದೇಹವಾಗದಿರಲಿ.