ಶಿಬಿರದ ಕಾಡು, ಮಳೆಗಾಲದ ಕಾಡು



ಹಳೆಯ ನೆನಪೊಂದನ್ನು ಬರೆಯೋಣವೆಂದು ಕುಳಿತವನಿಗೆ ಈ ಬಾರಿ ಜಗಳವೊಂದು ಗಂಟುಬಿದ್ದಿದೆ. ಅದಕ್ಕೆ ಕಾರಣ ನಿಮ್ಮಲ್ಲಿಯೇ ಒಬ್ಬ. ಹೆಸರು ಹೇಳುವುದಿಲ್ಲ, ಓದಿದೊಡನೆ ಅವನಿಗೆ ತಿಳಿಯುತ್ತದೆ. ಮೇಷ್ಟರ ಮೇಲೆ ಸಿಟ್ಟಾಗಲಾರನೆಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ಮೇ ತಿಂಗಳ ಕೊನೆಯಲ್ಲಿ ಅವನು ತನ್ನ ಹನ್ನೆರಡು ವರ್ಷದ ಮಗನೊಡನೆ ನಮ್ಮ ಮನೆಗೆ ಬಂದಿದ್ದ. ಹುಡುಗ ಆಗಷ್ಟೇ ಮೂರು ದಿನಗಳ ‘ಅರಣ್ಯ ಜೀವನ’ ಶಿಬಿರವೊಂದನ್ನು ಮುಗಿಸಿದ್ದ. ಶುಲ್ಕವೆಷ್ಟೆಂದು ಕೇಳಿ ಬೆರಗಾದೆ. ನಾನು ಕೆಲಸಕ್ಕೆ ಸೇರಿದಾಗ ವರ್ಷವಿಡೀ ದುಡಿದರೂ ಅಷ್ಟು ಹಣ ಕೈಗೆ ಬರುತ್ತಿರಲಿಲ್ಲ. ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದ. ತಲೆಗೆ ಶಿರಸ್ತ್ರಾಣ, ಸೊಂಟಕ್ಕೆ ಹಗ್ಗ, ಎರಡು ಮರಗಳ ನಡುವೆ ತೇಲುತ್ತಿರುವ ಮಗು. ನೋಡಲು ಚೆನ್ನಾಗಿಯೇ ಇತ್ತು. “ಹಗ್ಗ ಕಟ್ಟಿದ್ದರಲ್ಲ ಮಗೂ, ಅದು ಯಾವ ಮರ?” ಎಂದು ಕೇಳಿದೆ. “ಅದು ಹೇಳಿಕೊಡಲಿಲ್ಲ ತಾತ” ಎಂದ. ಎರಡನೆಯ ದಿನ ಮಳೆ ಬಂದದ್ದರಿಂದ ಕಾಡಿನ ನಡಿಗೆಯನ್ನು ರದ್ದುಪಡಿಸಿ, ಒಳಗೆ ಕೂರಿಸಿ ಚಲನಚಿತ್ರ ತೋರಿಸಿದರಂತೆ.

ಅದೇ ಸಂಜೆ ನಮ್ಮಲ್ಲಿಯೂ ಗುಡುಗಿ ಮಳೆ ಬಂದಿತು. “ಇದು ಯಾವ ಮಳೆ?” ಎಂದೆ. ಹುಡುಗ ತಡಮಾಡದೆ “ಪ್ರೀ-ಮಾನ್ಸೂನ್” ಎಂದ. ತಪ್ಪಲ್ಲ, ನಾನಾದರೆ ಪೂರ್ಣ ಅಂಕ ಕೊಡುತ್ತೇನೆ. ಆದರೆ ಅವನ ಅಪ್ಪನ ಕಡೆ ತಿರುಗಿದರೆ, ಮಲೆನಾಡಿನಲ್ಲಿಯೇ ಹುಟ್ಟಿ ಬೆಳೆದವನು, “ಕೃತ್ತಿಕೆಯೋ ರೋಹಿಣಿಯೋ ಇರಬೇಕು ಸಾರ್” ಎಂದು ತಲೆ ಕೆರೆದುಕೊಂಡ. ಇವನ ತಂದೆ ಮಳೆನಕ್ಷತ್ರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದವರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನವಿರುತ್ತಾನೆ, ಆ ಲೆಕ್ಕದಲ್ಲಿಯೇ ಬೀಜ ಬಿತ್ತುವುದು, ಸಸಿ ನೆಡುವುದು, ಅಡಕೆಗೆ ಔಷಧಿ ಹೊಡೆಯುವುದು. ಮೂರು ತಲೆಮಾರಿನಲ್ಲಿ ಅದು ಬೆರಳಿನಿಂದ ಜಾರಿ, ‘ಇರಬೇಕು’ ಆಗಿ, ಕೊನೆಗೆ ಇಲ್ಲವಾಗಿದೆ.

ಇಲ್ಲಿಂದ ನನ್ನ ಆಕ್ಷೇಪಣೆ ಆರಂಭ. ಈ ಶಿಬಿರಗಳ ಕಾಡಿಗೆ ಋತುವೇ ಇಲ್ಲ. ಅದು ವರ್ಷವಿಡೀ ಒಂದೇ ಬಗೆಯ ಹಸಿರು ಪರದೆ. ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಬಹುದು. ಅಡವಿಯ ವಿದ್ಯೆ ಎಂಬುದಾದರೋ ಮೊದಲಿಂದ ಕೊನೆಯವರೆಗೆ ಋತುವಿನ ವಿದ್ಯೆ. ಬೆಂಕಿ ಹೊತ್ತಿಸುವುದನ್ನೇ ತೆಗೆದುಕೊಳ್ಳಿ. ಕಡ್ಡಿಯಿಂದ ಕಿಡಿ ಹಾರಿಸುವ ಆಮದು ಸಲಕರಣೆಯನ್ನು ಹುಡುಗ ನನಗೆ ತೋರಿಸಿದ. ಮೇ ತಿಂಗಳ ಒಣ ಎಲೆಗೆ ಕಿಡಿ ತಗುಲಿಸಲು ವಿದ್ಯೆ ಯಾತಕ್ಕೆ? ಆಗ ಬೇಕಾದದ್ದು ಬೆಂಕಿ ಹೊತ್ತದಂತೆ ನೋಡಿಕೊಳ್ಳುವ ಜಾಣ್ಮೆ. ಕಾಡ್ಗಿಚ್ಚಿನ ಕಾಲದಲ್ಲಿ ಮಕ್ಕಳ ಕೈಗೆ ಕಿಡಿ ಕೊಟ್ಟು ಕಾಡಿಗೆ ಕರೆದೊಯ್ಯುವವರನ್ನು ಗುರುಗಳೆಂದು ಹೇಗೆ ಕರೆಯಲಿ? ಆಷಾಢದ ಜಡಿಮಳೆಯಲ್ಲಿ ಒಲೆ ಹೊತ್ತಿಸುವುದು ವಿದ್ಯೆ. ಬೈನೆ ಮರದ ಎಲೆಬುಡದಲ್ಲಿ ಹತ್ತಿಯಂತಹ ತುಪ್ಪುಳ ಸಿಗುತ್ತದೆ. ಅದನ್ನು ಒಣಗಿಸಿಟ್ಟು ಚಕಮಕಿ ಕಲ್ಲಿನ ಕಿಡಿಯನ್ನು ಅದಕ್ಕೆ ಹಿಡಿಸುತ್ತಿದ್ದರು. ಧೂಪದ ಮರದ ಅಂಟನ್ನು ಒದ್ದೆ ಸೌದೆಯ ನಡುವೆ ಇಟ್ಟರೆ ಅದು ಬಿಡದೆ ಉರಿಯುತ್ತಿತ್ತು. ಬಯಲುಸೀಮೆಯಿಂದ ಬಂದ ನನಗೆ ಇದನ್ನು ಕಲಿಸಿದವರು ನೆರೆಮನೆಯ ಅಜ್ಜಿ. ಶುಲ್ಕ ತೆಗೆದುಕೊಳ್ಳಲಿಲ್ಲ, ಬೈಗುಳ ಮಾತ್ರ ಧಾರಾಳವಾಗಿ ಕೊಟ್ಟರು.

ಶಿಬಿರಗಳನ್ನಷ್ಟೇ ದೂರಿ ಕೈತೊಳೆದುಕೊಂಡರೆ ಅನ್ಯಾಯವಾದೀತು. ದೊಡ್ಡ ಅಪರಾಧಿ ನಾನು ಮೂವತ್ತು ವರ್ಷ ಉಪ್ಪು ತಿಂದ ಶಾಲೆ. ನಮ್ಮ ವೇಳಾಪಟ್ಟಿಯನ್ನು ನೋಡಿ. ಏಪ್ರಿಲ್, ಮೇ ರಜೆ. ಜೂನ್ ಬಂದೊಡನೆ ಬಾಗಿಲು ಹಾಕಿ ಪಾಠ. ಸಿಳ್ಳಾರ ಹಕ್ಕಿ ಬೆಳಕು ಹರಿಯುವ ಮುನ್ನ ಹಳ್ಳದ ದಂಡೆಯಲ್ಲಿ ಹಾಡುವುದು, ಉಪ್ಪಾಗೆ ಹಣ್ಣಾಗುವುದು, ಹುತ್ತದ ಅಣಬೆ ಏಳುವುದು, ಬಿದಿರುಮೆಳೆಯಲ್ಲಿ ಕಳಲೆ ಮೂಡುವುದು, ಎಲ್ಲವೂ ಮಕ್ಕಳು ಬೆಂಚಿನ ಮೇಲಿರುವಾಗ. (ಆ ಸಿಳ್ಳಾರಕ್ಕೆ ಇಂಗ್ಲಿಷರು ‘ಸಿಳ್ಳೆ ಹಾಕುವ ಶಾಲಾಬಾಲಕ’ ಎಂಬ ಅಡ್ಡಹೆಸರಿಟ್ಟಿದ್ದರು. ತರಗತಿಯಲ್ಲಿ ಸಿಳ್ಳೆ ಹಾಕಿದವರಿಗೆ ನಾನು ಏನು ಮಾಡುತ್ತಿದ್ದೆನೆಂಬುದು ನಿಮಗೆ ನೆನಪಿರಬಹುದು.) ಕಾಡು ಒಣಗಿ, ಎಲೆಯುದುರಿ, ಉಣುಗು ತುಂಬಿಕೊಳ್ಳುವ ಹೊತ್ತಿಗೆ ಸರಿಯಾಗಿ ‘ಹೋಗಿ, ಪ್ರಕೃತಿಯನ್ನು ನೋಡಿ ಬನ್ನಿ’ ಎಂದು ರಜೆ ಕೊಡುತ್ತೇವೆ!

ಉಣುಗೆಂದಾಗ ಒಂದು ಘಟನೆಯನ್ನು ಹೇಳಲೇಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ, ಹರಡುವುದು ಉಣುಗಿನಿಂದ, ಕಾಡಿನಲ್ಲಿ ಮಂಗಗಳು ಸಾಯತೊಡಗುವುದು ಮುನ್ಸೂಚನೆ. ಇದೆಲ್ಲ ನನಗೆ ಈಗ ಗೊತ್ತು. ಮಲೆನಾಡಿಗೆ ಬಂದ ಹೊಸತರಲ್ಲಿ, ಒಂದು ಫೆಬ್ರವರಿಯಲ್ಲಿ, ಎಂಟನೆಯ ತರಗತಿಯನ್ನು ಪರಿಸರ ವೀಕ್ಷಣೆಗೆಂದು ಗುಡ್ಡಕ್ಕೆ ಕರೆದೊಯ್ದಿದ್ದೆ. ನೆರಳು ಕಂಡಲ್ಲಿ ತರಗೆಲೆಯ ಮೇಲೆ ಎಲ್ಲರಿಗೂ ಕುಳಿತುಕೊಳ್ಳಲು ಹೇಳಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಕೂರಲಿಲ್ಲ. “ಇಲ್ಲಿ ಬ್ಯಾಡ ಸಾರ್, ಆಚೆ ಮಂಗ ಸತ್ತು ಬಿದ್ದದೆ” ಎಂದ. ಮೂಢನಂಬಿಕೆಯೆಂದು ಬಗೆದು ಎಲ್ಲರೆದುರು ಅವನನ್ನು ಹಂಗಿಸಿದೆ. ಮಕ್ಕಳು ನಕ್ಕರು. ಅವನು ಅಲುಗಲಿಲ್ಲ. ಕೊನೆಗೆ ಅವನ ಹಟಕ್ಕಲ್ಲ, ಗಾಳಿಯಲ್ಲಿ ಬಂದ ವಾಸನೆಗೆ ಸೋತು ಎಲ್ಲರನ್ನೂ ಎಬ್ಬಿಸಿಕೊಂಡು ರಸ್ತೆಗೆ ಇಳಿದೆ. ಆ ಬೇಸಿಗೆ ಸುತ್ತಿನ ಊರುಗಳಲ್ಲಿ ಜ್ವರ ಬಂದು ಮಲಗಿದವರನ್ನು ಕಂಡ ಮೇಲೆ ನನಗೆ ನಿದ್ದೆ ಹತ್ತದ ರಾತ್ರಿಗಳಿದ್ದವು.

ಆ ಹುಡುಗನೇ ಜುಲೈ ತಿಂಗಳಲ್ಲಿ ದಿನವೂ ತಡವಾಗಿ, ಕಂಬಳಿಕೊಪ್ಪೆಯಿಂದ ನೀರು ಸುರಿಸುತ್ತ ಬರುತ್ತಿದ್ದವನು. ಬೆಳಗಿನ ಜಾವ ಕಳಲೆ ಮುರಿದು ಪೇಟೆಗೆ ಮಾರಿ ಬರುತ್ತಿದ್ದನಂತೆ. ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಚೆಲ್ಲಿ ಬದಲಿಸದಿದ್ದರೆ ವಿಷವೆಂಬುದನ್ನು ಅವನು ಬಲ್ಲ. ಅದು ಸಯನೈಡಿನ ಅಂಶದಿಂದ ಎಂಬುದನ್ನು ನಾನು ಬಲ್ಲೆ. ಇಬ್ಬರೂ ಎದುರುಬದುರು ಕುಳಿತಿದ್ದರೆ ಎಂಥ ಪಾಠವಾಗುತ್ತಿತ್ತು! ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ಹತ್ತನೆಯ ತರಗತಿಯಲ್ಲಿ ನಪಾಸಾದ, ಅದೂ ವಿಜ್ಞಾನದಲ್ಲಿ. ತೇಜಸ್ವಿಯವರ ‘ಕರ್ವಾಲೊ’ ಬಂದದ್ದು 1980ರಲ್ಲಿ. ಅದರ ಮಂದಣ್ಣನನ್ನು ಓದಿ ಸಂತೋಷಪಟ್ಟು ನಿಮಗೆಲ್ಲ ಓದಿ ಹೇಳಿದವನು ನಾನೇ. ನನ್ನ ತರಗತಿಯಲ್ಲಿದ್ದ ಮಂದಣ್ಣ ಮಾತ್ರ ನನಗೆ ಕಾಣಲಿಲ್ಲ.

ನಿಮ್ಮ ಉತ್ತರಗಳು ನನಗೆ ಗೊತ್ತು. ಕಾಡಿಗೆ ಈಗ ಕಾನೂನಿದೆ ಎನ್ನುತ್ತೀರಿ. ಇರಬೇಕಾದದ್ದೇ. ಅನುಮತಿಯಿಲ್ಲದೆ ಕಳಲೆ ಮುರಿಯಿರಿ, ಅಭಯಾರಣ್ಯಕ್ಕೆ ನುಗ್ಗಿರಿ ಎಂದು ನಾನು ಹೇಳುತ್ತಿಲ್ಲ. ಹಿಂದಿನವರೆಲ್ಲ ಸಂತರೂ ಆಗಿರಲಿಲ್ಲ. ಕಾರೆಕಾಯಿ ಜಜ್ಜಿ ಹಳ್ಳದ ಗುಂಡಿಗೆ ಹಾಕಿ ಮರಿಮೀನನ್ನೂ ಬಿಡದೆ ಬಾಚಿದವರುಂಟು. ಹಸಿವಿನಿಂದ ಕಲಿತ ವಿದ್ಯೆಯನ್ನು ಹೊಟ್ಟೆ ತುಂಬಿದವರು ಹಾಡಿ ಹೊಗಳಬಾರದೆಂಬ ಮಾತನ್ನೂ ಒಪ್ಪುತ್ತೇನೆ. ಅಪಾಯವುಂಟು ಎಂಬ ಮಾತಿಗೆ ಮಾತ್ರ ನನ್ನ ವಿರೋಧವಿದೆ. ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದ ಮಕ್ಕಳ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಇಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಸುರಿದರೆ ಹಳ್ಳ ಒಮ್ಮೆಲೇ ಏರುತ್ತದೆ; ನೀರು ಕೆಂಪಾಗಿ ಕಸಕಡ್ಡಿ ತೇಲಿಬಂದರೆ ಕಾಲಿಡಬಾರದು. ಇದನ್ನು ಯಾರು, ಎಲ್ಲಿ ಹೇಳಿಕೊಡಬೇಕು? ಮಳೆಯೆಂದರೆ ಕಿಟಕಿ ಮುಚ್ಚುವ ಮನೆಯಲ್ಲಿ ಬೆಳೆದ ಮಗು ಮುಂದೊಮ್ಮೆ ಗೆಳೆಯರೊಡನೆ ಜಲಪಾತದ ಬಂಡೆಯ ಮೇಲೆ ನಿಂತಾಗ ಅದಕ್ಕೆ ಭಯವೂ ಇರುವುದಿಲ್ಲ, ತಿಳಿವಳಿಕೆಯೂ ಇರುವುದಿಲ್ಲ.

2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದಲ್ಲಿ ನೆರೆದ ಜಾತ್ರೆಯನ್ನು ನೀವೆಲ್ಲ ನೋಡಿರಬಹುದು. ಬೆಟ್ಟದ ದಾರಿಯಲ್ಲಿ ಬಸ್ ನಿಲ್ದಾಣದಂತೆ ಸರದಿಯ ಸಾಲು. ಅದಾದ ಮೇಲೆ ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ಸರ್ಕಾರ ತಡೆಹಿಡಿಯಬೇಕಾಯಿತು. ಅಷ್ಟು ಜನ ಅಂದೇ ಏಕೆ ಹೋದರು? ಹೂ ಬಿಟ್ಟಿತೆಂದೇ, ಹಕ್ಕಿ ಬಂತೆಂದೇ? ಅಲ್ಲ. ಶುಕ್ರವಾರ ಗಣರಾಜ್ಯೋತ್ಸವ ಬಂದು ಮೂರು ದಿನ ರಜೆ ಸಿಕ್ಕಿತ್ತು. ಪಂಚಾಂಗವನ್ನು ಗೋಡೆಯಿಂದ ಇಳಿಸಿದ ಮೇಲೆ ನಮಗೆ ಉಳಿದಿರುವ ಋತು ಅದೊಂದೇ.

ಬೆಂಗಳೂರಿನಲ್ಲಿರುವವರು, ಇನ್ನೂ ದೂರದಲ್ಲಿರುವವರು, ‘ನಮಗೆ ಕಾಡೆಲ್ಲಿ ಸಾರ್’ ಎನ್ನಬೇಡಿ. ಚಳ್ಳಕೆರೆಯ ಕಡೆ ನನ್ನ ಬಾಲ್ಯದಲ್ಲಿ ಕಾಡೆಂಬುದೇ ಇರಲಿಲ್ಲ. ಬಾರೆಹಣ್ಣು ಯಾವಾಗ ಮಾಗುತ್ತದೆ, ತಂಗಡಿ ಯಾವಾಗ ಹೂಬಿಡುತ್ತದೆ ಎಂಬುದು ಕುರಿ ಕಾಯುವ ಹುಡುಗರಿಗೆಲ್ಲ ಗೊತ್ತಿತ್ತು. ನಿಮ್ಮ ಬೀದಿಯಲ್ಲಿ ಹೊಂಗೆಯಿದೆ. ಅದು ಎಲೆ ಉದುರಿಸಿ ಮತ್ತೆ ಚಿಗುರುವುದಕ್ಕೆ ಎಷ್ಟು ದಿನ ತೆಗೆದುಕೊಳ್ಳುತ್ತದೆಂದು ಮಗನಿಂದ ಬರೆಸಿ ಇಡಿ. ಮಳೆಗಾಲ ಹಿಂದೆ ಸರಿದ ಮೇಲೆ ಉತ್ತರದಿಂದ ನವರಂಗ ಹಕ್ಕಿ ಬರುತ್ತದೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಅದರ ಎರಡುಸ್ವರದ ಕೂಗು ಕೇಳಿದ ದಿನಾಂಕವನ್ನು ಗುರುತು ಹಾಕಿ. ಹಗ್ಗದ ಮೇಲೆ ತೇಲುವುದು ಆಮೇಲೆ ಇದ್ದೇ ಇದೆ.

ಈಗ ಹೊರಗೆ ಆರಿದ್ರಾ ಮಳೆ ಹೊಯ್ಯುತ್ತಿದೆ. ಶಿಬಿರದ ಅಪ್ಪನಿಗೆ ಮೊನ್ನೆ ದೂರವಾಣಿ ಮಾಡಿ, ಜುಲೈ ಕೊನೆಗೆ ಮಗನನ್ನು ನಾಲ್ಕು ದಿನ ನಮ್ಮಲ್ಲಿಗೆ ಕಳಿಸೆಂದೆ. “ಆಗ ಕಿರುಪರೀಕ್ಷೆ ಇದೆ ಸಾರ್” ಎಂದ. ಅವನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು ರಜೆ ಕೇಳುವವನಿದ್ದೇನೆ. ಜೀವಮಾನವಿಡೀ ರಜಾ ಅರ್ಜಿಗಳನ್ನು ತಿರಸ್ಕರಿಸಿದವನು ಮೊದಲ ಬಾರಿಗೆ ಒಂದನ್ನು ಬರೆಯುತ್ತಿದ್ದೇನೆ. ಪುಷ್ಯ ಮಳೆ ಹಿಡಿಯುವುದು ಜುಲೈ 20ರ ಸುಮಾರಿಗೆ. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಸಿದ್ಧವಿದೆ, ಕಂಬಳಿಯೂ ಎರಡಿವೆ. ಹುಡುಗನಿಗೆ ಒಂದು ಜೊತೆ ಹಳೆಯ ಚಪ್ಪಲಿ ಕೊಟ್ಟು ಕಳಿಸಿದರೆ ಸಾಕು.