ಮೊದಲು ಕಾಗದ, ಆಮೇಲೆ ನೀರು
ಡೆವನ್ ಅವೆನ್ಯೂಗೆ ದಿನಸಿಗೆಂದು ಹೊರಟಾಗ ಮಗ ಕೇಳಿದ: "ಅಪ್ಪಾ, ನನ್ನ ಕಂಪ್ಯೂಟರಿಗೆ ನಾನೇ ವಾಟರ್ ಕೂಲಿಂಗ್ ಜೋಡಿಸಲಾ?" ಕರೆಂಟಿನ ಪಕ್ಕ ನೀರೇ ಎಂದು ಎದೆ ಧಸಕ್ಕೆಂದಿತು.

ಆದರೂ ಪೋಷಕರು ಥಟ್ಟನೆ ಬೇಡ ಎನ್ನಬಾರದು. ಮೊದಲು ಕಾಗದದ ಮೇಲೆ ಯೋಜನೆ ಬರೆಸಬೇಕು. ರೇಡಿಯೇಟರ್ ಕೇಸಿನೊಳಗೆ ಹಿಡಿಯುತ್ತದೆಯೇ? ತಾಮ್ರದ ಭಾಗಗಳ ಜೊತೆ ಅಲ್ಯೂಮಿನಿಯಂ ಬೆರೆಸಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಪಂಪ್ ಒಣಗಿ ಓಡಬಾರದು, ಹಾಗಾಗಿ ನೀರಿನ ತೊಟ್ಟಿ ಅದಕ್ಕಿಂತ ಮೇಲಿರಲಿ. ಕೊನೆಗೆ ಪಂಪಿಗೆ ಮಾತ್ರ ಕರೆಂಟ್ ಕೊಟ್ಟು, ಜೋಡಣೆಗಳ ಕೆಳಗೆ ಟಿಶ್ಯೂ ಹಾಸಿ, 24 ಗಂಟೆ ಸೋರಿಕೆ ನೋಡಬೇಕು.

ಹೆಚ್ಚಿನವರಿಗೆ ಒಳ್ಳೆಯ ಏರ್ ಕೂಲರೇ ಸಾಕು, ಅಗ್ಗ ಕೂಡ. ಆದರೆ ಅದು ಮಕ್ಕಳಿಗೆ ಕಾಯುವುದನ್ನು ಕಲಿಸುವುದಿಲ್ಲ. ನಮ್ಮ ಮನೆಯ ಯೋಜನೆ ಇನ್ನೂ ಕಾಗದದಲ್ಲಿದೆ. ನಿಮ್ಮ ಅನುಭವವನ್ನೂ ಬರೆಯಿರಿ.