ಬಣ್ಣ ಬದಲಾಯಿಸಿದರು, ಕೂಲಿ ಬದಲಾಯಿಸಲಿಲ್ಲ

ಮೊನ್ನೆ ಹಿರಿಯ ಸಾಹಿತ್ಯಾಭಿಮಾನಿಯೊಬ್ಬರು ನನಗೆ ಬುದ್ಧಿ ಹೇಳಿದರು. "ಅಲ್ರೀ, ಮಕ್ಕಳ ಪುಸ್ತಕದಲ್ಲೂ ಶೋಷಣೆ ಹುಡುಕ್ತಾ ಕೂತ್ರೆ ಮಕ್ಕಳು ಇನ್ನೇನು ಓದ್ಬೇಕು?" ನಾನು ಅಂದಿದ್ದು ಇಷ್ಟೇ: ರೋಲ್ಡ್ ಡಾಲ್ ಬರೆದ 'ಚಾರ್ಲಿ ಅಂಡ್ ದಿ ಚಾಕೊಲೇಟ್ ಫ್ಯಾಕ್ಟರಿ'ಯಲ್ಲಿ ದುಡಿಯೋರಿಗೆ ಸಂಬಳ ಇಲ್ಲ. ಅಷ್ಟಕ್ಕೇ ಅವರಿಗೆ ಸಿಟ್ಟು ಬಂತು. ಅಲ್ಲಿ ಪೂರ್ತಿ ಹೇಳೋಕಾಗಲಿಲ್ಲ, ಇಲ್ಲಿ ಹೇಳ್ತೀನಿ. ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಮೊದಲೇ ಹೇಳಿಬಿಡ್ತೀನಿ, ಈ ಪುಸ್ತಕದ ಮೇಲೆ ನನಗೆ ದ್ವೇಷ ಇಲ್ಲ. ಪಿಯುಸಿ ಓದುವಾಗ ಹಾಸ್ಟೆಲ್‌ನಲ್ಲಿದ್ದೆ. ಕನ್ನಡ ಮೀಡಿಯಂ ಹುಡುಗ, ಇಂಗ್ಲಿಷ್ ಅಂದ್ರೆ ಜ್ವರ ಬರ್ತಿತ್ತು. "ದೊಡ್ಡ ಪುಸ್ತಕ ಆಮೇಲೆ ಓದೀಯಂತೆ, ಇದನ್ನ ಮೊದಲು ಮುಗಿಸು" ಅಂತ ನಮ್ಮ ಇಂಗ್ಲಿಷ್ ಮೇಷ್ಟ್ರು ಕೈಗಿಟ್ಟಿದ್ದು ಇದನ್ನೇ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಒಂದು ತಿಂಗಳು ಓದಿದೆ. ನಾನು ಕೊನೆಯ ಪುಟದವರೆಗೆ ಓದಿದ ಮೊದಲ ಇಂಗ್ಲಿಷ್ ಪುಸ್ತಕ ಅದು.

ಚಾರ್ಲಿಯ ಮನೇಲಿ ಏಳು ಜನ. ನಾಲ್ಕು ಜನ ಮುದುಕರಿಗೆ ಸೇರಿ ಒಂದೇ ಮಂಚ. ಅಪ್ಪನ ಕೆಲಸ ಟೂತ್‌ಪೇಸ್ಟ್ ಟ್ಯೂಬಿಗೆ ಮುಚ್ಚಳ ತಿರುಗಿಸೋದು. ಮಧ್ಯಾಹ್ನ ಬೇಯಿಸಿದ ಆಲೂಗಡ್ಡೆ, ಎಲೆಕೋಸು. ರಾತ್ರಿ ಎಲೆಕೋಸಿನ ಸೂಪು. ವರ್ಷಕ್ಕೊಂದೇ ಚಾಕೊಲೇಟು, ಅದೂ ಹುಟ್ಟಿದ ದಿನಕ್ಕೆ. ಹಾಸ್ಟೆಲ್ಲಿನ ನೀರು ಸಾಂಬಾರು ಉಂಡು ಮಲಗ್ತಿದ್ದ ನನಗೆ ಚಾರ್ಲಿ ಪರದೇಶದ ಹುಡುಗ ಅನ್ನಿಸಲೇ ಇಲ್ಲ. ಇವನು ನಾನೇ ಅನ್ನಿಸಿದ್ದ. ಅವನಿಗೆ ಗೋಲ್ಡನ್ ಟಿಕೆಟ್ ಸಿಕ್ಕಿದಾಗ ಹಾಸಿಗೆಯಿಂದ ಎದ್ದು ಕೂತಿದ್ದೆ.

ಹತ್ತಿರ ಹತ್ತಿರ ಮೂವತ್ತು ವರ್ಷ ಆಯ್ತು. ಈಗ ಏಳನೇ ಕ್ಲಾಸಲ್ಲಿರುವ ಮಗಳು ಅದೇ ಪುಸ್ತಕ ಲೈಬ್ರರಿಯಿಂದ ತಂದಳು. ಖುಷಿಯಿಂದ ಜೊತೇಲಿ ಕೂತು ಓದಿದೆ. ಅರ್ಧ ಆಗಿರಬಹುದು, ತಲೆ ಎತ್ತಿ ಕೇಳಿದಳು: "ಅಪ್ಪಾ, ಈ ಊಂಪಾ ಲೂಂಪಾಗಳು ಮನೆಗೆ ಯಾವಾಗ ಹೋಗ್ತಾರೆ?"

ಹದಿನೇಳನೇ ವಯಸ್ಸಲ್ಲಿ ನನಗೆ ಹೊಳೆಯದ ಪ್ರಶ್ನೆ. ಹಿಂದಿನ ಪುಟಗಳಿಗೆ ಹೋಗಿ ಮತ್ತೆ ಓದಿದೆ.

ವಿಲ್ಲಿ ವೊಂಕಾ ಅನ್ನೋ ಮಾಲೀಕ, ಗೂಢಚಾರರು ಸೇರಿಕೊಂಡಿದ್ದಾರೆ ಅಂತ ಸಾವಿರಾರು ಜನ ಕೆಲಸಗಾರರನ್ನ ಮನೆಗೆ ಕಳಿಸಿ ಗೇಟು ಹಾಕ್ತಾನೆ. ಆಮೇಲೆ ದೂರದ ಕಾಡಿನಿಂದ ಒಂದು ಇಡೀ ಬುಡಕಟ್ಟನ್ನೇ, ಗಂಡಸರು ಹೆಂಗಸರು ಮಕ್ಕಳು ಸಮೇತ, ಗಾಳಿಗೆ ತೂತು ಕೊರೆದ ಪೆಟ್ಟಿಗೆಗಳಲ್ಲಿ ತುಂಬಿ ಹಡಗಿನಲ್ಲಿ ತರಿಸ್ತಾನೆ. ಕೂಲಿ ಏನು? ಕೋಕೋ ಬೀಜ. ವಾಸ ಫ್ಯಾಕ್ಟರಿ ಒಳಗೇ. ಆ ಗೇಟಿನಿಂದ ಯಾರೂ ಹೊರಗೆ ಬರಲ್ಲ. ಯಜಮಾನ ಬೆರಳಲ್ಲಿ ಚಿಟಿಕೆ ಹೊಡೆದರೆ ಓಡಿಬರಬೇಕು. ಹೊಸ ಚೂಯಿಂಗ್ ಗಮ್ಮಿನ ಪರೀಕ್ಷೆ ಇಪ್ಪತ್ತು ಜನ ಊಂಪಾ ಲೂಂಪಾಗಳ ಮೇಲೆ ನಡೆಯುತ್ತೆ, ಇಪ್ಪತ್ತೂ ಜನ ಊದಿಕೊಂಡು ಹಣ್ಣಾಗಿಬಿಡ್ತಾರೆ. ಗಾಳಿಗೆ ತೇಲಿಸೋ ಪಾನೀಯ ಕುಡಿಸಿದ ಒಬ್ಬ ಮುದುಕ ಆಕಾಶಕ್ಕೆ ಹೋದವನು ವಾಪಸ್ಸೇ ಬರಲ್ಲ. ಇದೆಲ್ಲ ಅಲ್ಲಿ ತಮಾಷೆ. ನಾನೂ ನಕ್ಕಿದ್ದೆ.

ಈಗ ಇತಿಹಾಸ ಕೇಳಿ. 1964ರ ಮೊದಲ ಆವೃತ್ತಿಯಲ್ಲಿ ಈ ಊಂಪಾ ಲೂಂಪಾಗಳು ಆಫ್ರಿಕಾದ ಕಾಡಿನ ಕಪ್ಪು ಜನ, ಪಿಗ್ಮಿಗಳು. ಚಿತ್ರಗಳಲ್ಲೂ ಹಾಗೇ ಬರೆದಿದ್ದರು. ಸಿನಿಮಾ ಮಾಡಲು ಹೊರಟಾಗ ಅಮೆರಿಕದ ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಆಕ್ಷೇಪಿಸಿತು: ಇದು ಗುಲಾಮಗಿರಿಯ ಕಥೆ ಅಲ್ಲವೇ ಅಂತ. 1971ರ ಸಿನಿಮಾದಲ್ಲಿ ಅವರಿಗೆ ಕಿತ್ತಳೆ ಮುಖ, ಹಸಿರು ಕೂದಲು ಬಂತು. 1973ರಲ್ಲಿ ಡಾಲ್ ಪುಸ್ತಕವನ್ನೇ ತಿದ್ದಿದರು. ಕಪ್ಪು ಚರ್ಮ ಹೋಗಿ ಬಿಳಿ ಗುಲಾಬಿ ಚರ್ಮ ಆಯ್ತು. ಆಫ್ರಿಕಾ ಹೋಗಿ 'ಲೂಂಪಾಲ್ಯಾಂಡ್' ಅನ್ನೋ ಇಲ್ಲದ ದೇಶ ಆಯ್ತು. ನಾನು ಹಾಸ್ಟೆಲ್‌ನಲ್ಲಿ ಓದಿದ್ದು ಈ ತೊಳೆದ ಆವೃತ್ತಿಯನ್ನ.

ಏನನ್ನ ತೊಳೆದರು, ಏನನ್ನ ಬಿಟ್ಟರು ನೋಡಿ. ಬಣ್ಣ ಬದಲಾಯಿತು. ಪೆಟ್ಟಿಗೆ ಹಾಗೇ ಇತ್ತು. ಪರೀಕ್ಷೆ ಹಾಗೇ ಇತ್ತು. ಕೋಕೋ ಬೀಜದ ಕೂಲಿ ಹಾಗೇ ಇತ್ತು. ಪ್ರಶ್ನೆ ಕೇಳಿದವರು ಗುಲಾಮಗಿರಿ ಬಗ್ಗೆ ಕೇಳಿದರು, ಉತ್ತರ ಬಂದಿದ್ದು ಚರ್ಮದ ಬಗ್ಗೆ! 2023ರಲ್ಲಿ ಪ್ರಕಾಶಕರು ಡಾಲ್ ಪುಸ್ತಕಗಳಲ್ಲಿ ನೂರಾರು ಪದ ತಿದ್ದಿದಾಗಲೂ ಅಷ್ಟೇ. ಒಬ್ಬ ಹುಡುಗನನ್ನ 'ದಪ್ಪ' ಅನ್ನಬಹುದೇ ಅಂತ ವಾರಗಟ್ಟಲೆ ಗಲಾಟೆ. ಅಭಿವ್ಯಕ್ತಿ ಸ್ವಾತಂತ್ರ್ಯ ಅಂತ ನಮ್ಮವರೂ ಗೋಡೆ ತುಂಬ ಬರೆದರು. ನಾನು ಓದಿದ ಅಷ್ಟೂ ಚರ್ಚೆಯಲ್ಲಿ ಕೂಲಿಯ ಮಾತು ಒಂದೇ ಒಂದು ಸಲ ಬರಲಿಲ್ಲ.

ನಮಗಿದು ಗೊತ್ತಿಲ್ಲದ ವಿದ್ಯೆಯೇ? 'ಹರಿಜನ' ಅಂತ ಹೊಸ ಹೆಸರಿಟ್ಟರು, ಕೇರಿ ಊರ ಹೊರಗೇ ಉಳಿಯಿತು. 'ಪೌರಕಾರ್ಮಿಕ' ಅಂದರು, ಗುಂಡಿಗೆ ಇಳಿಯೋರು ಯಾರು ಅಂತ ನಿಮಗೇ ಗೊತ್ತು.

ನಮ್ಮಪ್ಪ ಹನ್ನೊಂದನೇ ವಯಸ್ಸಿಗೆ ಜೀತಕ್ಕೆ ಸೇರಿದವರು. ತಾತ ಮಾಡಿದ ಮದುವೆ ಸಾಲಕ್ಕೆ. ವರ್ಷಕ್ಕೆ ಇಷ್ಟು ರಾಗಿ, ಒಂದು ಜೊತೆ ಬಟ್ಟೆ, ಒಂದು ಕಂಬಳಿ. ಮಲಗೋದು ಕೊಟ್ಟಿಗೇಲಿ, ದನದ ಜೊತೆ. ಅಪ್ಪನೂ ಹಾಡ್ತಿದ್ದರು, ಚೆನ್ನಾಗಿ ಹಾಡ್ತಿದ್ದರು. ಕೆಲಸ ಮಾಡ್ತಾ ಹಾಡಿದ ಮಾತ್ರಕ್ಕೆ ಅವರಿಗೆ ಜೀತ ಇಷ್ಟ ಇತ್ತು ಅಂತಲ್ಲ. ಆದರೆ ಆ ಮನೆಯ ಯಜಮಾನರು ಇವತ್ತಿಗೂ ಸಿಕ್ಕಾಗ ಹೇಳೋದು ಒಂದೇ ಮಾತು: "ನಿಮ್ಮಪ್ಪ ನಮ್ಮನೇಲಿ ಮನೆಮಗನ ತರ ಇದ್ದ ಕಣಪ್ಪ." ಮನೆಮಗನಿಗೆ ಆಸ್ತೀಲಿ ಪಾಲು ಇರುತ್ತೆ ಸ್ವಾಮಿ, ಕೊಟ್ಟಿಗೇಲಿ ಅಲ್ಲ. ವೊಂಕಾ ಕೂಡ ಹಾಗೇ ಹೇಳ್ತಾನೆ: ಕಾಡಿನಲ್ಲಿ ಹುಳ ತಿಂದುಕೊಂಡಿದ್ದರು, ನಾನು ಕರೆತಂದು ಉಳಿಸಿದೆ ಅಂತ. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಜೀತ ಇಟ್ಟುಕೊಳ್ಳೋದು ಉಪಕಾರ ಅಲ್ಲ, ಅಪರಾಧ ಅಂತ ಕಾನೂನು ಹೇಳಿತು. ಅಪ್ಪ ಮನುಷ್ಯ ಅಂತ ಸರ್ಕಾರಿ ಕಾಗದದಲ್ಲಿ ಬರೆದಿದ್ದು ಆಗ.

"ಅದು ಬರೀ ಕಲ್ಪನೆ, ಫ್ಯಾಂಟಸಿ" ಅನ್ನೋರಿಗೆ ಒಂದು ಮಾತು. ಡಾಲ್ ಇಂಗ್ಲೆಂಡಿನ ರೆಪ್ಟನ್ ಶಾಲೆಯಲ್ಲಿ ಓದುವಾಗ ಕ್ಯಾಡ್ಬರಿ ಕಂಪನಿ ಹೊಸ ಚಾಕೊಲೇಟುಗಳನ್ನ ಹುಡುಗರಿಗೆ ರುಚಿ ನೋಡಲು ಕಳಿಸ್ತಿತ್ತು. ಕಥೆಯ ಬೀಜ ಅಲ್ಲಿಂದ ಬಂದದ್ದು ಅಂತ ಅವರೇ ಬರೆದುಕೊಂಡಿದ್ದಾರೆ. ಅದೇ ಕಂಪನಿ 1909ರವರೆಗೆ ಕೋಕೋ ಕೊಳ್ಳುತ್ತಿದ್ದದ್ದು ಸಾವೊ ಟೊಮೆ ದ್ವೀಪದಿಂದ. ಅಂಗೋಲಾದಿಂದ ಹಡಗಿನಲ್ಲಿ ಸಾಗಿಸಿದ ಜನ ಗುಲಾಮರ ಹಾಗೆ ದುಡಿಯುತ್ತಿದ್ದ ತೋಟಗಳವು. ಇವತ್ತು ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬೆಳೆಯೋದು ಐವರಿ ಕೋಸ್ಟ್ ಮತ್ತು ಘಾನಾ. 2020ರಲ್ಲಿ ಹೊರಬಂದ ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರ ವರದಿ ಪ್ರಕಾರ, ಆ ಎರಡು ದೇಶಗಳಲ್ಲಿ ಕೋಕೋ ಕೃಷಿಯಲ್ಲಿ ಬಾಲಕಾರ್ಮಿಕರಾಗಿ ದುಡಿಯುವ ಮಕ್ಕಳು ಸುಮಾರು 15.6 ಲಕ್ಷ. ಪೆಟ್ಟಿಗೆಯಲ್ಲಿ ಜನ ತುಂಬಿ ತರೋದನ್ನ ಡಾಲ್ ಕನಸಿನಿಂದ ತಂದಿದ್ದಲ್ಲ.

ಪುಸ್ತಕಕ್ಕೆ ಪ್ರಶ್ನೆ ಕೇಳಿದರೆ ಏನಾಗುತ್ತೆ ಅಂತಲೂ ನಮಗೆ ಗೊತ್ತು. ಡಾಲ್ ಪುಸ್ತಕ ತಿದ್ದಿದ ಅದೇ 1973ರಲ್ಲಿ, ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು. ದಲಿತ ವಿದ್ಯಾರ್ಥಿಗಳಿಗೆ ಹೊಡೆದರು, ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯ್ತು. ಆ ಏಟು ತಿಂದ ತಲೆಮಾರಿನಿಂದಲೇ ದಲಿತ ಚಳವಳಿ ಎದ್ದು ನಿಂತಿದ್ದು. ಹಾಗಾಗಿ ಹಿರಿಯರೇ, ಓದಿದ್ದನ್ನ ಪ್ರಶ್ನಿಸೋದು ನಮಗೆ ಶೋಕಿ ಅಲ್ಲ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನನಗೂ ನೆಮ್ಮದಿ ಇರ್ತಿತ್ತು. ಆದರೆ ಪುಸ್ತಕ ಮುಗಿಯೋದು ಹೇಗೆ? ವೊಂಕಾ ಇಡೀ ಫ್ಯಾಕ್ಟರಿಯನ್ನ ಚಾರ್ಲಿಗೆ ಕೊಡ್ತಾನೆ. ಹಸಿದ ಮನೆಯ ಹುಡುಗ ಮಾಲೀಕ ಆಗ್ತಾನೆ. ಚಾರ್ಲಿ ಒಳ್ಳೆಯವನು. ಹಸಿವು ಏನು ಅಂತ ಗೊತ್ತಿರೋನು. ಆದರೂ ಊಂಪಾ ಲೂಂಪಾಗಳ ಕೂಲಿ ಎಷ್ಟು ಅಂತ ಅವನು ಕೇಳಲ್ಲ. ನಾನು ಚಾರ್ಲಿ ಅಂದುಕೊಂಡಿದ್ದೆನಲ್ಲ, ಈ ಸಲ ಅದು ಚುಚ್ಚಿತು.

ನಮ್ಮ ಆಫೀಸಿನಲ್ಲಿ ಕಸ ಗುಡಿಸುವ ಅಕ್ಕ ಒಬ್ಬರಿದ್ದಾರೆ. ಹೊರಗುತ್ತಿಗೆ. ನಮ್ಮ ಜನವೇ. ಏಜೆನ್ಸಿಯ ಬಿಲ್ಲಿನ ಕಡತ ಪ್ರತಿ ತಿಂಗಳು ನನ್ನ ಮೇಜಿನ ಮೇಲೆಯೇ ಹೋಗುತ್ತೆ. ಏಪ್ರಿಲ್ ಹದಿನಾಲ್ಕಕ್ಕೆ ಮೈಕ್ ಹಿಡಿದು ಮಾತಾಡೋ ನಾನು, ನಾಲ್ಕು ವರ್ಷದಲ್ಲಿ ಒಂದು ದಿನವೂ ಅವರ ಕೈಗೆ ಎಷ್ಟು ಸೇರುತ್ತೆ ಅಂತ ಕೇಳಿರಲಿಲ್ಲ. ಮಗಳ ಪ್ರಶ್ನೆಯ ಮರುದಿನ ಕೇಳಿದೆ. ಅಕ್ಕ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು: "ಎರಡು ತಿಂಗಳಿಂದ ಬಂದಿಲ್ಲ ಸಾರ್. ಬಂದಾಗ್ಲೂ ಸ್ವಲ್ಪ ಹಿಡ್ಕೋತಾರೆ. ನೀವು ನಮ್ಮೋರು ಅಂತ ಹೇಳ್ದೆ, ಯಾರ್‌ಗೂ ಹೇಳ್ಬೇಡಿ, ತೆಗೆದಾಕ್‌ಬಿಡ್ತಾರೆ."

ಅವರ ಹೆಸರು ಎತ್ತಿಲ್ಲ. ಆದರೆ ಈ ತಿಂಗಳ ಕಡತದಲ್ಲಿ, ಎಲ್ಲ ಕೆಲಸಗಾರರ ಬ್ಯಾಂಕ್ ಪಾವತಿ ವಿವರ ಲಗತ್ತಿಸಿದ ಮೇಲಷ್ಟೇ ಬಿಲ್ಲು ಪರಿಶೀಲಿಸಬಹುದು ಅಂತ ಟಿಪ್ಪಣಿ ಬರೆದಿದ್ದೀನಿ. ಕಡತ ಇನ್ನೂ ಮೇಲಿಂದ ಇಳಿದಿಲ್ಲ. "ಇಷ್ಟು ದಿನ ಇಲ್ಲದ್ದು ಈಗ್ಯಾಕೆ?" ಅಂತ ಆಗಲೇ ಇಬ್ಬರು ಕೇಳಿಯಾಯ್ತು.

ಪುಸ್ತಕ ಸುಡಿ ಅಂತ ನಾನು ಹೇಳಲ್ಲ. ತಿದ್ದಿ ಅಂತಲೂ ಹೇಳಲ್ಲ, ತಿದ್ದಿದರೆ ಸಾಕ್ಷಿ ಅಳಿಸಿಹೋಗುತ್ತೆ. ನಿಮ್ಮ ಮಕ್ಕಳಿಗೆ ಕೊಡಿ, ಪಕ್ಕದಲ್ಲಿ ಕೂತು ಓದಿ. ಅವರು ಕೇಳೋ ಪ್ರಶ್ನೆಗೆ "ಸುಮ್ನೆ ಓದು, ಅದು ಕಥೆ" ಅಂತ ಮಾತ್ರ ಅನ್ನಬೇಡಿ. ಮಾರನೇ ದಿನ ನಿಮ್ಮ ಆಫೀಸಿನ ಕಸ ಗುಡಿಸೋರ ಹತ್ತಿರ ಹೋಗಿ, ಸಂಬಳ ಬಂತಾ ಅಂತ ಒಂದು ಮಾತು ಕೇಳಿ.

ಮಗಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಕಡತ ಇಳಿದ ದಿನ ಹೇಳ್ತೀನಿ.

ಜೈ ಭೀಮ್.